ನಮ್ಮವರ ಹೆಸರಿನಲ್ಲಿ ಬಂದ ಮಳೆ

ಬಿರುಗಾಳಿ, ಆಲಿಕಲ್ಲು, ಜೋರು ಮಳೆ ಬಂದಾಗ ಗಮನಿಸಿ ವರದಿ ಕೊಡುವ ಸ್ವಯಂಸೇವಕರ ಗುಂಪಿಗೆ ಸೇರುತ್ತೇನೆಂದು ಹೆಸರು ಕೊಟ್ಟವರು ನಮ್ಮ ಯಜಮಾನರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಯೂನಿಯನ್ ಸಿಟಿಯಲ್ಲಿ ಮನೆ ಕೊಂಡು ನಮಗಿನ್ನೂ ಹೊಸದು. ಅವರು ಕೊಲ್ಲಿಯ ಆಚೆ ದಡದ ಒಂದು ಕಂಪನಿಯಲ್ಲಿ ಎಂಜಿನಿಯರಾಗಿದ್ದರು. ಬೆಳಿಗ್ಗೆ ಸೇತುವೆ ದಾಟಿ ಹೋದರೆ ಮನೆಗೆ ಬರುವುದು ದೀಪ ಹಚ್ಚುವ ಹೊತ್ತಿಗೆ. ನಾನು ಮೈಸೂರಿನಲ್ಲಿ ಬಿಎಸ್‌ಸಿ ಮುಗಿಸಿದ್ದವಳು, ಇಲ್ಲಿ ಮನೆಯಲ್ಲೇ ಒಂದು ಪುಟ್ಟ ಡೇಕೇರು ನಡೆಸುತ್ತಿದ್ದೆ. ಅಕ್ಕಪಕ್ಕದ ಮನೆಗಳ ಎರಡು ಕೂಸುಗಳು ಬರುತ್ತಿದ್ದವು. ನಮ್ಮ ಮಗಳು ಆಗಲೇ ಶಾಲೆಗೆ ಹೋಗುತ್ತಿದ್ದಳು.

ಒಂದು ಶನಿವಾರ ಇವರು ಸಹೋದ್ಯೋಗಿಯೊಬ್ಬನ ಜೊತೆ ಲೈಬ್ರರಿಯಲ್ಲಿ ಏನೋ ಉಪನ್ಯಾಸ ಕೇಳಲು ಹೋದರು. ಊಟದ ಹೊತ್ತಿಗೆ ಬಂದಾಗ ಕೈಯಲ್ಲಿ ಒಂದು ಉದ್ದನೆಯ ಪ್ಲಾಸ್ಟಿಕ್ ಕೊಳವೆ ಇತ್ತು, ಮಳೆ ಅಳೆಯುವುದಕ್ಕೆ. ಜೊತೆಗೆ ಆಲಿಕಲ್ಲಿನ ಗಾತ್ರಗಳನ್ನು ಚಿತ್ರ ಸಮೇತ ಅಚ್ಚು ಹಾಕಿದ ಒಂದು ಕಾರ್ಡು. ಬರುವ ದಾರಿಯಲ್ಲಿ ಹವಾಮಾನ ಬಿಟ್ಟು ಬೇರೇನನ್ನೂ ಹೇಳದ ಒಂದು ಸಣ್ಣ ರೇಡಿಯೊವನ್ನೂ ಕೊಂಡಿದ್ದರು. ಊಟಕ್ಕೆ ಬನ್ನಿ ಎಂದು ಕರೆದರೂ ಕೇಳದೆ ನೇರವಾಗಿ ಹಿತ್ತಲಿಗೆ ನಡೆದರು. ಕೊಳವೆಯನ್ನು ಗೋಡೆಯಿಂದ ದೂರ, ಮರದಿಂದ ದೂರ, ಬಯಲಲ್ಲಿ ನೆಡಬೇಕಂತೆ. ನಮ್ಮ ಹಿತ್ತಲಲ್ಲಿ ಅಂಥ ಜಾಗ ಇದ್ದದ್ದು ಒಂದೇ, ನಾನು ಬಟ್ಟೆ ಒಣಗಿಸಲು ಹಗ್ಗ ಕಟ್ಟಿದ್ದ ಕಡೆ. ನಾನು ಅನ್ನಕ್ಕೆ ಸಾರು ಬಡಿಸಿಕೊಂಡು ಕಿಟಕಿಯಲ್ಲಿ ನೋಡುತ್ತಿದ್ದ ಹಾಗೆಯೇ ಹಗ್ಗ ಬಿಚ್ಚಿ ಸುರುಳಿ ಸುತ್ತಿ ಗರಾಜಿಗೆ ಎಸೆದರು.

ಊಟಕ್ಕೆ ಕೂತಾಗ ವಿವರಿಸಿದರು. ಹವಾಮಾನ ಕಚೇರಿಯವರ ರಾಡಾರಿಗೆ ಮೇಲಿನ ಮೋಡ ಕಾಣುತ್ತದೆ, ಕೆಳಗೆ ಬೀದಿಯಲ್ಲಿ ಏನಾಗುತ್ತಿದೆ ಎನ್ನುವುದು ಕಾಣುವುದಿಲ್ಲ. ಅದಕ್ಕೇ ಊರೂರಲ್ಲಿ ಗಮನಿಸುವವರು ಬೇಕು, ಅವರನ್ನು ಸ್ಪಾಟರ್ ಎನ್ನುತ್ತಾರಂತೆ. ಗಂಭೀರವಾದದ್ದು ಏನಾದರೂ ಕಂಡರೆ ಗುಂಪಿನ ಮುಖ್ಯಸ್ಥನಿಗೆ ಫೋನು ಮಾಡಬೇಕು, ಅವನು ಮೇಲಿನವರಿಗೆ ತಿಳಿಸುತ್ತಾನೆ. ರಾಡಾರನ್ನು ತಾವೇ ಕಂಡುಹಿಡಿದ ಹಾಗೆ ಹೇಳುತ್ತಿದ್ದರು.

“ನೆಲದ ಮೇಲೆ ಕಣ್ಣು ಬೇಕು ಕಣೇ, ಅದೇ ಪಾಯಿಂಟು,” ಎಂದರು.

“ವಾರದಲ್ಲಿ ಐದು ದಿನ ನೀವು ಇಲ್ಲಿ ಇರೋದೇ ಇಲ್ವಲ್ಲ ರೀ,” ಎಂದೆ.

“ನೀನು ಇರ್ತೀಯಲ್ಲ,” ಎಂದು ಹಪ್ಪಳ ಮುರಿದುಕೊಂಡರು.

ಅಲ್ಲಿಂದ ಶುರುವಾಯಿತು. ನಮ್ಮ ಕಡೆ ಮಳೆಗಾಲವೆಂದರೆ ಚಳಿಗಾಲ. ನವೆಂಬರ್ ಹೊತ್ತಿಗೆ ಮೋಡ ಕಟ್ಟತೊಡಗುತ್ತದೆ. ಆ ಮೋಡಗಳಿಗೆ ನಮ್ಮವರ ಆಫೀಸಿನ ಟೈಮು ಗೊತ್ತಿತ್ತೋ ಏನೋ, ಶನಿವಾರ ಭಾನುವಾರ ಒಂದು ಹನಿ ಬೀಳುತ್ತಿರಲಿಲ್ಲ. ಸೋಮವಾರ ಇವರ ಕಾರು ಫ್ರೀವೇ ಹತ್ತುತ್ತಿದ್ದ ಹಾಗೆ ಆಕಾಶ ಕಪ್ಪಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಫೋನು. ಅಲ್ಲಿ ಮಳೆ ಬರ್ತಾ ಇದೆಯಾ, ಎಷ್ಟು ಬಂತು, ಕೊಳವೆ ನೋಡಿದೆಯಾ, ಗಾಳಿ ಯಾವ ಕಡೆಯಿಂದ ಬೀಸ್ತಾ ಇದೆ. ನಾನು ಒಂದು ಕೂಸಿನ ಬಾಯಿಗೆ ಚಮಚ ಇಟ್ಟಿರುತ್ತಿದ್ದೆ, ಇನ್ನೊಂದು ಅಡುಗೆಮನೆಯ ಬೀರುವಿನಿಂದ ಪಾತ್ರೆಗಳನ್ನು ಒಂದೊಂದಾಗಿ ಎಳೆಯುತ್ತಿರುತ್ತಿತ್ತು. ಆಮೇಲೆ ನೋಡ್ತೀನಿ ಅಂದರೆ ಆಗದು. ಮಳೆಗೆ ಆಮೇಲೆ ಎನ್ನುವುದು ಇರುವುದಿಲ್ಲವಂತೆ. ಒಂದನ್ನು ಸೊಂಟದ ಮೇಲೆ ಕೂರಿಸಿಕೊಂಡು, ಇನ್ನೊಂದರ ಕೈ ಹಿಡಿದು, ಸೀರೆ ಎತ್ತಿ ಸಿಕ್ಕಿಸಿಕೊಂಡು ಹಿತ್ತಲಿಗೆ ಹೋಗುತ್ತಿದ್ದೆ. ಆ ಕೊಳವೆಯ ಗೆರೆಗಳೋ ಇರುವೆಗಳಿಗಾಗಿ ಬರೆದ ಹಾಗಿದ್ದವು.

ಗುಂಪಿನ ಮುಖ್ಯಸ್ಥ ಹಡಗುಗಳಲ್ಲಿ ದುಡಿದು ನಿವೃತ್ತನಾದ ಒಬ್ಬ ಮುದುಕ. ಮುಖ ನೋಡುವುದಕ್ಕೆ ಎಷ್ಟೋ ಮೊದಲು ಅವನ ದನಿ ನನಗೆ ಪರಿಚಯವಾಯಿತು. ಒರಟು ದನಿ, ಆದರೆ ಸಮಾಧಾನದ್ದು. ಮಳೆ ನಿಂತ ಮೇಲೆ ಅವನೇ ಒಬ್ಬೊಬ್ಬರ ಮನೆಗೂ ಫೋನು ಮಾಡಿ ಅಳತೆ ಕೇಳುತ್ತಿದ್ದ. ನಾನು ಎತ್ತಿದ ಕೂಡಲೇ ನಿಮ್ಮ ಯಜಮಾನರು ಇದ್ದಾರಾ ಎನ್ನುತ್ತಿದ್ದ. ಆಫೀಸಿಗೆ ಹೋಗಿದ್ದಾರೆ ಎಂದು ಹೇಳಿ ನಾನೇ ಅಳತೆ ಕೊಡುತ್ತಿದ್ದೆ. ಅವನು ಬರೆದುಕೊಂಡು, ಅವರು ಬಂದ ಮೇಲೆ ಒಂದು ಸಲ ಖಚಿತಪಡಿಸಲು ಹೇಳಿ ಎಂದು ವಿನಯದಿಂದಲೇ ಹೇಳಿ ಫೋನಿಡುತ್ತಿದ್ದ. ಸಂಜೆ ಇವರು ಬಂದು ಕೋಟು ಬಿಚ್ಚದೆ ಫೋನು ತಿರುಗಿಸಿ, ನಾನು ಹೇಳಿದ್ದ ಅದೇ ಸಂಖ್ಯೆಯನ್ನು ಗಂಟಲು ಸರಿಮಾಡಿಕೊಂಡು ಹೇಳುತ್ತಿದ್ದರು. ಅಷ್ಟು ಹೊತ್ತಿಗೆ ಕೊಳವೆಯ ನೀರನ್ನು ನಾನು ಕರಿಬೇವಿನ ಕುಂಡಕ್ಕೆ ಸುರಿದಾಗಿರುತ್ತಿತ್ತು. ಅದರಲ್ಲಿ ಖಚಿತಪಡಿಸುವುದಕ್ಕೆ ಉಳಿದದ್ದೇನು ಎಂದು ಕೇಳಿದರೆ, ಅದು ಪದ್ಧತಿ ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಆಲಿಕಲ್ಲು ಬಿತ್ತು. ಕೂಸುಗಳು ನಿದ್ದೆ ಹೋಗಿದ್ದವು, ನನಗೂ ಕಣ್ಣು ಹತ್ತುತ್ತಿತ್ತು. ಸೂರಿನ ಮೇಲೆ ಯಾರೋ ಕಾಳು ಸುರಿದ ಹಾಗೆ ಸದ್ದಾಯಿತು. ಬುಟ್ಟಿಯೊಂದನ್ನು ತಲೆಗೆ ಅಡ್ಡ ಹಿಡಿದು ಹೊರಗೆ ಹೋಗಿ ಒಂದು ಹಿಡಿ ಆರಿಸಿಕೊಂಡು ಬಂದೆ. ಕಾರ್ಡಿನಲ್ಲಿ ಬಟಾಣಿ, ಗೋಲಿ, ನಾಣ್ಯ, ಗಾಲ್ಫ್ ಚೆಂಡು ಎಂದೆಲ್ಲ ಇತ್ತು. ಇವು ಬಟಾಣಿಯಷ್ಟೂ ಇರಲಿಲ್ಲ, ಹುರಿಗಡಲೆಯಷ್ಟಿದ್ದವು. ಹಾಗೆಯೇ ಫೋನಿನಲ್ಲಿ ಹೇಳಿದೆ. ಮುದುಕನಿಗೆ ಹುರಿಗಡಲೆ ಎಂದರೆ ಏನೆಂದು ತಿಳಿಸುವುದರೊಳಗೆ ಆಲಿಕಲ್ಲು ನಿಂತೇಹೋಯಿತು. ಸಾಕ್ಷಿಗಿರಲಿ ಎಂದು ನಾಲ್ಕಾರು ಹರಳನ್ನು ಫ್ರೀಜರಿನಲ್ಲಿಟ್ಟೆ. ಸಂಜೆ ಇವರು ಅದನ್ನು ತೆಗೆದು ನೋಡಿ, ಇಷ್ಟು ಹೊತ್ತಿನಲ್ಲಿ ಕರಗಿ ಸಣ್ಣದಾಗಿರುತ್ತದೆ, ಬಿದ್ದಾಗ ಗೋಲಿಯಷ್ಟು ಇದ್ದಿರಬೇಕು ಎಂದು ತೀರ್ಮಾನಿಸಿದರು. ಫ್ರೀಜರಿನಲ್ಲಿ ಕರಗುವುದು ಹೇಗೆ ಎಂದು ನಾನು ಕೇಳಿದೆ. ಮಗಳು ಹೋಮ್‌ವರ್ಕಿನಿಂದ ತಲೆ ಎತ್ತಿ, “ಇಟ್ಸ್ ಜಸ್ಟ್ ಐಸ್, ಅಮ್ಮಾ,” ಎಂದಳು. ಅವಳಿಗೆ ನಾವು ಆಡುವುದೆಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಇವರು ಗೋಲಿ ಎಂದೇ ವರದಿ ಕೊಟ್ಟರು.

ಅದನ್ನಾದರೂ ಸಹಿಸಬಹುದಿತ್ತು. ನನ್ನ ತಾಳ್ಮೆ ನಿಜವಾಗಿ ಕೆಟ್ಟದ್ದು ಫೆಬ್ರವರಿಯ ಒಂದು ಭಾನುವಾರ. ವಾಲ್ನಟ್ ಕ್ರೀಕ್ ಎಂಬ ಊರಿನಿಂದ ಮಂಗಳೂರು ಕಡೆಯ ಡಾಕ್ಟರ ದಂಪತಿಯನ್ನು ಊಟಕ್ಕೆ ಕರೆದಿದ್ದೆವು. ಮೊದಲ ಸಲ ಬರುತ್ತಿದ್ದಾರೆಂದು ನಾನು ಬಿಸಿಬೇಳೆಬಾತು ಮಾಡಿದ್ದೆ. ಪುಡಿಯನ್ನು ಮನೆಯಲ್ಲೇ ಹುರಿದು ಕುಟ್ಟಿದ್ದು, ಅಂಗಡಿಯದಲ್ಲ. ತಟ್ಟೆ ಇಟ್ಟು, ತುಪ್ಪ ಕಾಯಿಸಿ ತರುವ ಹೊತ್ತಿಗೆ ಊಟದ ಮೇಜಿನ ಬಳಿ ಯಾರೂ ಇಲ್ಲ. ನಮ್ಮವರು ಅತಿಥಿಗಳನ್ನು ಹಿತ್ತಲಿನಲ್ಲಿ ಸಾಲಾಗಿ ನಿಲ್ಲಿಸಿ ಪೂರ್ವದ ಗುಡ್ಡಗಳ ಕಡೆ ಬೊಟ್ಟು ಮಾಡುತ್ತಿದ್ದರು. ಗುಡ್ಡದ ಮೇಲಿನ ಕರಿ ಮೋಡದ ತಳದಿಂದ ಹರಿದ ಬಟ್ಟೆಯ ಚೂರಿನಂತೆ ಒಂದು ತುಣುಕು ಕೆಳಗೆ ಜೋತು ಬಿದ್ದಿತ್ತು.

“ಸುಂಟರಗಾಳಿಯ ಸೊಂಡಿಲು ಇದು,” ಎಂದು ಡಾಕ್ಟರಿಗೆ ಹೇಳುತ್ತಿದ್ದರು. “ತಿರುಗ್ತಾ ಇದೆ ನೋಡಿ.”

ನಾನು ಪಕ್ಕದ ಬೀದಿಯ ದೀಪದ ಕಂಬಕ್ಕೆ ಅದನ್ನು ಹೊಂದಿಸಿಕೊಂಡು ಸ್ವಲ್ಪ ಹೊತ್ತು ನೋಡಿದೆ. ಆ ತುಣುಕು ಗಾಳಿ ಹೋದ ಕಡೆ ಸರಿಯುತ್ತಿತ್ತು, ಅಷ್ಟೆ. “ತಿರುಗ್ತಾ ಇಲ್ಲ ರೀ,” ಎಂದೆ. “ಸುಮ್ನೆ ಪಕ್ಕಕ್ಕೆ ಹೋಗ್ತಾ ಇದೆ.”

“ಟ್ರೈನಿಂಗಿಗೆ ಹೋಗಿದ್ದು ನೀನೋ ನಾನೋ?” ಎಂದರು.

ಅತಿಥಿಗಳೆದುರು ಅದಕ್ಕೆ ಉತ್ತರ ಕೊಡುವುದಕ್ಕಾಗುತ್ತದೆಯೇ? ಡಾಕ್ಟರ ಹೆಂಡತಿ ನೆಲ ನೋಡಿದರು. ಇವರು ಒಳಗೆ ಓಡಿ ಮುದುಕನಿಗೆ ಫೋನು ಮಾಡಿದರು. ತಿರುಗುತ್ತಿದೆಯಾ ಎಂದು ಅವನು ಎರಡೆರಡು ಸಲ ಕೇಳಿರಬೇಕು, ಇವರು ತಿರುಗುತ್ತಿದೆ ಎಂದು ಎರಡೆರಡು ಸಲ ಹೇಳಿದ್ದು ನನಗೆ ಅಡುಗೆಮನೆಯಿಂದ ಕೇಳಿಸಿತು. ಹೊರಗೆ ಬರುವಷ್ಟರಲ್ಲಿ ಆ ತುಣುಕು ಚೆದುರಿ ಎಲ್ಲೂ ಇಲ್ಲದ ಹಾಗಾಗಿತ್ತು. ಬೇರೆ ಯಾರಿಗೂ ಅಂಥದ್ದೇನೂ ಕಂಡಿರಲಿಲ್ಲ, ಗುಡ್ಡದ ಆಚೆಯ ಸ್ವಯಂಸೇವಕರಿಗೂ ಇಲ್ಲ. ಮುದುಕ ಮತ್ತೆ ಫೋನು ಮಾಡಿದಾಗ ಇವರು ಹೂಂ, ಹೂಂ ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಬಾತು ಆರಿ ಕಲ್ಲಾಗಿತ್ತು. ಡಾಕ್ಟರ ದಂಪತಿ ಒಳ್ಳೆಯವರು, ತುಂಬ ಚೆನ್ನಾಗಿದೆ ಎಂದು ಹೇಳಿಕೊಂಡೇ ತಿಂದರು. ಮೋಡದ ಸುದ್ದಿಯನ್ನು ಅವರಾಗಲಿ ನಾವಾಗಲಿ ಎತ್ತಲಿಲ್ಲ.

ಮುಂದಿನ ಚಳಿಗಾಲ ಮಳೆ ಹಿಡಿದು ಬಿಡದೆ ಸುರಿಯಿತು. ನಮ್ಮ ಮನೆಗಳ ಹಿಂದೆ, ತಂತಿ ಬೇಲಿಯ ಆಚೆ, ಒಂದು ಹಳ್ಳ ಇತ್ತು. ಗುಡ್ಡದ ನೀರು ಕೊಲ್ಲಿಗೆ ಹೋಗಲೆಂದು ಸರಕಾರದವರು ಅಗಲ ಮಾಡಿದ ಕಾಲುವೆ ಅದು. ವರ್ಷದ ಬಹುಪಾಲು ಅಲ್ಲಿ ಒಣ ಹುಲ್ಲು, ಹಳೇ ಟೈರು, ಗ್ರೋಸರಿ ಅಂಗಡಿಗಳಿಂದ ಯಾರೋ ತಳ್ಳಿಕೊಂಡು ಬಂದು ಬಿಟ್ಟ, ಸಾಮಾನು ತುಂಬುವ ತಂತಿಯ ಗಾಡಿಗಳು. ಕೆಳಗಿನ ಬೀದಿಯ ಹತ್ತಿರ ಅದು ರಸ್ತೆಯ ಅಡಿಯ ಮೋರಿಯೊಳಗೆ ನುಗ್ಗಿ ಆಚೆ ಹೊರಡುತ್ತಿತ್ತು. ನನ್ನ ಹತ್ತಿರ ಬರುತ್ತಿದ್ದ ಕೂಸುಗಳಲ್ಲಿ ಒಂದರ ಮನೆ ಆ ಕೆಳಗಿನ ಬೀದಿಯಲ್ಲೇ. ಅವರು ಫಿಲಿಪೀನ್ಸಿನವರು. ತಾಯಿ ಆಸ್ಪತ್ರೆಯಲ್ಲಿ ನರ್ಸು, ತಂದೆಗೂ ಹಗಲು ಪಾಳಿ. ಮನೆಯಲ್ಲಿ ಮಂಡಿ ನೋವಿನ ಅಜ್ಜಿ ಒಬ್ಬಳೇ ಇರುತ್ತಿದ್ದಳು.

ಆ ದಿನ ಬೆಳಿಗ್ಗೆಯಿಂದಲೇ ಗಾಳಿ. ಮಧ್ಯಾಹ್ನದ ಹೊತ್ತಿಗೆ ಇವರ ಹವಾಮಾನದ ರೇಡಿಯೊ ಸೇತುವೆಯ ಮೇಲೆ ವಾಹನಗಳನ್ನು ತಡೆದಿದ್ದಾರೆ ಎಂದು ಹೇಳಿತು. ಮಕ್ಕಳಿಗೆ ಅನ್ನ ಕಲಸುತ್ತಾ ಕಿಟಕಿಯ ಹೊರಗೆ ನೋಡಿದೆ. ಹಳ್ಳದ ನೀರು ಬೆಳಿಗ್ಗೆ ಚಹಾದ ಬಣ್ಣ ಇದ್ದದ್ದು ಈಗ ಕೆಮ್ಮಣ್ಣಿನ ಬಣ್ಣವಾಗಿತ್ತು. ಅದಕ್ಕಿಂತ ನನಗೆ ದಿಗಿಲಾದದ್ದು, ನೀರು ಹರಿಯುವ ರಭಸ ಕಡಿಮೆಯಾಗಿ ಮಟ್ಟ ಮಾತ್ರ ಏರುತ್ತಿದ್ದದ್ದು. ಮಗುವನ್ನು ಎತ್ತಿಕೊಂಡು ಕೊಡೆ ಹಿಡಿದು ಬೇಲಿಯ ಹತ್ತಿರ ಹೋದೆ. ಮೋರಿಯ ಬಾಯಿಗೆ ಮುರಿದ ಕೊಂಬೆಗಳು, ಅದರ ಮೇಲೆ ಅಂಗಡಿಯ ಒಂದು ಗಾಡಿ, ಅದರ ಮೇಲೆ ಇನ್ನಷ್ಟು ಕೊಂಬೆ, ಎಲ್ಲ ಸೇರಿ ಅಡ್ಡಗಟ್ಟೆ ಕಟ್ಟಿದ ಹಾಗೆ ನಿಂತಿತ್ತು. ನೀರು ಹಿಂದಕ್ಕೆ ಒತ್ತಿ ಬರುತ್ತಿತ್ತು.

ಒಳಗೆ ಬಂದು ಮುದುಕನಿಗೆ ಫೋನು ಮಾಡಿದೆ. ತುಂಬ ಹೊತ್ತು ಎಂಗೇಜು. ಕೊನೆಗೆ ಸಿಕ್ಕಿದ. ನಮ್ಮ ಮನೆ ಎಂದು ತಿಳಿದ ಕೂಡಲೇ, ನಿಮ್ಮ ಯಜಮಾನರನ್ನು ಕರೆಯಿರಿ ಎಂದ.

“ಅವರು ಸೇತುವೆಯ ಆಚೆ ಇದ್ದಾರೆ. ಇಲ್ಲಿ ನಿಂತು ನೋಡ್ತಾ ಇರೋದು ನಾನು,” ಎಂದೆ.

ಅವನು ಯಾವುದೋ ಹಾಳೆ ತಿರುವಿದ. ಆಮೇಲೆ, ಕೆಟ್ಟ ಉದ್ದೇಶದಿಂದಲ್ಲ, ಕೆಲಸದ ಮಾತಿನಂತೆ ಹೇಳಿದ: “ಹೋದ ವರ್ಷ ನಿಮ್ಮ ಮನೆಯಿಂದ ಸುಂಟರಗಾಳಿ ಕಾಣಿಸಿತ್ತು, ಅಮ್ಮಾ.”

“ಅದು ಅವರಿಗೆ ಕಾಣಿಸಿದ್ದು. ತಿರುಗ್ತಾ ಇಲ್ಲ ಅಂತ ನಾನು ಆಗಲೇ ಹೇಳಿದ್ದೆ.”

ಸೊಂಟದ ಮೇಲಿನ ಕೂಸು ಫೋನಿನ ತಂತಿಯನ್ನು ಬಾಯಿಗಿಟ್ಟುಕೊಂಡಿತ್ತು.

“ಸರಿ. ನಿಮಗೆ ಏನು ಅನ್ನಿಸುತ್ತೆ ಅನ್ನೋದು ಬೇಡ. ಕಣ್ಣಿಗೆ ಕಾಣ್ತಿರೋದನ್ನ ಮಾತ್ರ ಹೇಳಿ,” ಎಂದ.

ಹೇಳಿದೆ. ಬಣ್ಣ ಹೇಳಿದೆ, ಮೋರಿಗೆ ಸಿಕ್ಕಿಕೊಂಡದ್ದನ್ನು ಹೇಳಿದೆ, ಬೇಲಿಯ ಕಂಬದಲ್ಲಿ ಈಗ ನೀರು ಎಲ್ಲಿದೆ, ಅನ್ನ ಕಲಸುವಾಗ ಎಲ್ಲಿತ್ತು ಎಂದು ಹೇಳಿದೆ. ಕೆಳಗಿನ ಬೀದಿಯ ಮನೆಗಳು ರಸ್ತೆಗಿಂತ ತಗ್ಗಿನಲ್ಲಿವೆ ಎಂದೂ ಹೇಳಿದೆ. ಅವನು ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ರಸ್ತೆಯ ಹೆಸರನ್ನು ಕೇಳಿ ಬರೆದುಕೊಂಡು, ಈಗಲೇ ತಿಳಿಸುತ್ತೇನೆ ಎಂದು ಇಟ್ಟ. ಯಜಮಾನರು ಬಂದು ಖಚಿತಪಡಿಸಲಿ ಎನ್ನಲಿಲ್ಲ.

ಆಮೇಲೆ ಅಜ್ಜಿಗೆ ಫೋನು ಮಾಡಿದೆ. ಅವಳಿಗೆ ನನ್ನ ಇಂಗ್ಲಿಷು ತಿಳಿಯದು, ನನಗೆ ಅವಳದ್ದು ತಿಳಿಯದು. ನೀರು, ನೀರು ಎಂದರೆ ಅವಳು ಮನೆಯಲ್ಲಿ ಬೇಕಾದಷ್ಟಿದೆ ಎಂದಳು. ಇದು ಕೆಲಸಕ್ಕೆ ಬಾರದು ಎಂದುಕೊಂಡು ಎರಡೂ ಕೂಸುಗಳನ್ನು ಸ್ಟೇಷನ್ ವ್ಯಾಗನ್ನಿಗೆ ತುಂಬಿ ಕೆಳಗಿನ ಬೀದಿಗೆ ಹೋದೆ. ಆಗಲೇ ಚಕ್ರದ ಅಡಿಯಲ್ಲಿ ನೀರು ಚಿಮ್ಮುತ್ತಿತ್ತು. ಅಜ್ಜಿ ಬಾಗಿಲು ತೆಗೆದು ಮೊಮ್ಮಗನನ್ನು ನೋಡಿ ಸಂತೋಷಪಟ್ಟಳು. ಕಾರು ಹತ್ತಿ ಎಂದರೆ, ಊಟ ಮಾಡಿ ಎಂದಳು. ರಸ್ತೆಯನ್ನು ಕೈಯಲ್ಲಿ ತೋರಿಸಿದ ಮೇಲೆ ಅರ್ಥವಾಯಿತು. ಅರ್ಥವಾದ ಮೇಲೆ ಚಪ್ಪಲಿ ಬೇಡ, ಮುಚ್ಚಿದ ಶೂ ಬೇಕು ಎಂದಳು. ಶೂ ಹಾಕಿದ ಮೇಲೆ ಬಾಲ ಯೇಸುವಿನ ಮೂರ್ತಿಯನ್ನು ಬಿಟ್ಟು ಬರುವುದಿಲ್ಲ ಎಂದಳು. ಮೂರ್ತಿಯ ಪುಟ್ಟ ಕಿರೀಟ ಬೇರೆಯಂತೆ, ಅದು ಇನ್ನೊಂದು ಕೋಣೆಯ ಬೀರುವಿನಲ್ಲಿದೆಯಂತೆ. ನಾನು ಕನ್ನಡದಲ್ಲಿ ಬೈಯುತ್ತಾ ಹೋಗಿ ಕಿರೀಟ ತಂದೆ. ಅವಳು ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಅದೂ ಬೈಗುಳವೇ ಇರಬೇಕು. ಇಬ್ಬರೂ ಸೇರಿ ಅವಳ ಮಂಡಿಯನ್ನು ಕಾರಿನೊಳಗೆ ಮಡಿಸಿದೆವು.

ವಾಪಸು ಬರುವಾಗ ಮೋರಿಯ ಹತ್ತಿರ ಹಳದಿ ಮಳೆಯಂಗಿ ತೊಟ್ಟ ಆಳುಗಳು ಲಾರಿಯಿಂದ ಇಳಿಯುತ್ತಿದ್ದರು. ಉದ್ದನೆಯ ಕೊಕ್ಕೆಗಳಿಂದ ಕೊಂಬೆಗಳನ್ನು ಎಳೆಯತೊಡಗಿದರು. ಒಬ್ಬ ಪೊಲೀಸಿನವ ಮನೆ ಮನೆಯ ಬಾಗಿಲು ತಟ್ಟುತ್ತಾ ಕಾರುಗಳನ್ನು ಮೇಲಿನ ಬೀದಿಗೆ ತರಲು ಹೇಳುತ್ತಿದ್ದ. ನಾನು ಅಜ್ಜಿಯನ್ನು ಸೋಫಾದ ಮೇಲೆ ಕೂರಿಸಿ, ಮೂರ್ತಿಯನ್ನು ಟಿವಿಯ ಮೇಲೆ ಇಟ್ಟು, ಮಕ್ಕಳ ಒದ್ದೆ ಬಟ್ಟೆ ಬದಲಿಸಿದೆ. ನೀರು ರಸ್ತೆ ದಾಟಿ ಕೆಳಗಿನ ಬೀದಿಯ ಗರಾಜುಗಳಿಗೆ ನುಗ್ಗಿತು, ಕೆಲವರ ಮನೆಯ ಕಾರ್ಪೆಟ್ಟು ಹಾಳಾಯಿತು. ಗಾಡಿ ಕಿತ್ತು ಬಂದ ಮೇಲೆ ಮೋರಿ ಬಾಯಿ ಬಿಟ್ಟು ಕುಡಿದ ಹಾಗೆ ನೀರೆಲ್ಲ ಇಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಒಂದು ಲೋಟ ಕಾಫಿ ಮಾಡಿಕೊಳ್ಳೋಣ ಎಂದು ಹಾಲು ಒಲೆಯ ಮೇಲಿಟ್ಟೆ.

ಫೋನು ಬಂತು. ನಮ್ಮವರು, ಆಫೀಸಿನಿಂದ.

“ಕೊಳವೆಯಲ್ಲಿ ಎಷ್ಟಿದೆ ನೋಡಿದ್ಯಾ?”

“ಬಂದು ನೀವೇ ನೋಡಿ,” ಎಂದು ಇಟ್ಟುಬಿಟ್ಟೆ. ಮದುವೆಯಾದ ಮೇಲೆ ಅವರು ಮಾತಾಡುತ್ತಿರುವಾಗಲೇ ಫೋನಿಟ್ಟದ್ದು ಅದೇ ಮೊದಲು. ಸೇತುವೆ ಮುಚ್ಚಿದ್ದರಿಂದ ದಕ್ಷಿಣದ ಕಡೆ ಸುತ್ತಿ ಬಂದರು. ಬಂದು ಸೋಫಾದ ಮೇಲಿನ ಅಜ್ಜಿಯನ್ನೂ ಟಿವಿಯ ಮೇಲಿನ ದೇವರನ್ನೂ ನೋಡಿ ಬಾಗಿಲಲ್ಲೇ ನಿಂತರು. ನಡೆದದ್ದನ್ನು ಕೇಳಿ ನಿಜವಾಗಿಯೂ ಗಾಬರಿಯಾದರು. ಮಕ್ಕಳನ್ನು ಕರೆದುಕೊಂಡು ಆ ನೀರಿನಲ್ಲಿ ಯಾಕೆ ಹೋದೆ ಎಂದು ನನ್ನನ್ನು ಗದರಿದರು. ಅದಾದ ಮೇಲೆ ಟಾರ್ಚು ತೆಗೆದುಕೊಂಡು ಹಿತ್ತಲಿಗೆ ಹೋಗಿ ಕೊಳವೆ ನೋಡಿಯೇ ನೋಡಿದರು. ಅದು ತುಂಬಿ ಹರಿದು ಎಷ್ಟೋ ಹೊತ್ತಾಗಿತ್ತು.

ಕೆಲವು ವಾರಗಳ ನಂತರ ಲೈಬ್ರರಿಯಲ್ಲಿ ಸ್ವಯಂಸೇವಕರ ಸಭೆ ಸೇರಿತು. ಮನೆಯವರೂ ಬರಬಹುದೆಂದು ಹೇಳಿದ್ದರಿಂದ ನಾನೂ ಮಗಳೂ ಹೋದೆವು. ಕೆಳಗಿನ ಬೀದಿಯ ವರದಿ ಸಮಯಕ್ಕೆ ಸರಿಯಾಗಿ ಬಂದಿದ್ದಕ್ಕೆ ಊರಿನವರ ಪರವಾಗಿ ಕೃತಜ್ಞತೆ ಎಂದು ವೇದಿಕೆಯಿಂದ ಒಬ್ಬ ಅಧಿಕಾರಿ ಓದಿದ. ಓದಿದ್ದು ನಮ್ಮವರ ಹೆಸರು. ಹೆಸರು ದಾಖಲಾಗಿದ್ದದ್ದು ಅವರದ್ದೇ, ಅಧಿಕಾರಿಗೆ ಬೇರೇನು ಗೊತ್ತಿರಲು ಸಾಧ್ಯ? ಚಪ್ಪಾಳೆಯಾಯಿತು. ಇವರು ಎದ್ದು ನಿಂತರು. ಈಗ ಹೇಳುತ್ತಾರೆ ಎಂದು ನಾನು ಕಾದೆ. ಹೇಳಿದರು ಕೂಡ. ನನ್ನ ಹೆಂಡತಿಯೂ ತುಂಬ ಸಹಾಯ ಮಾಡಿದಳು ಎಂದರು.

ಎಲ್ಲರೂ ನನ್ನ ಕಡೆ ತಿರುಗಿ ನಕ್ಕರು. ನಾನೂ ನಕ್ಕೆ. ಕೆನ್ನೆ ನೋಯುವವರೆಗೆ ನಕ್ಕೆ.

ಮನೆಗೆ ಹೊರಟ ಕಾರು ಅರ್ಧ ದಾರಿ ಬಂದಿತ್ತು.

“ಸಹಾಯ ಮಾಡಿದ್ದಾ ರೀ ನಾನು?” ಎಂದು ಕೊನೆಗೆ ಕೇಳಿದೆ.

“ಅವ್ರು ನನ್ ಹೆಸ್ರು ಓದಿದ್ರೆ ನಾನೇನ್ ಮಾಡ್ಲಿ? ನಿನ್ ವಿಷ್ಯಾನೂ ಹೇಳಿದ್ನಲ್ಲ.”

“ನೀವು ಆಫೀಸಲ್ಲಿ ಇದ್ರಿ.”

“ಹೌದು, ಆಫೀಸಲ್ಲಿದ್ದೆ. ಸ್ಪಾಟರ್ ನಾನೇ ತಾನೇ?”

ಅವರು ವಾದಕ್ಕಾಗಿ ಹೇಳಿದ್ದಲ್ಲ. ಅವರಿಗೆ ಅದು ಹಾಗೆಯೇ ಕಾಣುತ್ತಿತ್ತು. ನನಗೆ ಹೆಚ್ಚು ಸಿಟ್ಟು ಬಂದದ್ದು ಅದಕ್ಕೇ. ಹಿಂದಿನ ಸೀಟಿನಿಂದ ಮಗಳು, “ಡ್ಯಾಡ್, ಶೀ ಡಿಡ್ ದ ಹೋಲ್ ಥಿಂಗ್,” ಎಂದಳು. ಅವಳ ಇಂಗ್ಲಿಷು ಆವತ್ತು ನನಗೆ ಕಿರಿಕಿರಿ ಮಾಡಲಿಲ್ಲ.

ಮಾರನೆಯ ದಿನ ನಾನೇ ಮುದುಕನಿಗೆ ಫೋನು ಮಾಡಿ, ನನ್ನ ಹೆಸರನ್ನೂ ಹಾಕಿಕೊಳ್ಳಿ ಎಂದೆ. ಅವನು ಸಂಕೋಚಪಟ್ಟ. ವೇದಿಕೆಯಲ್ಲಿ ಆದದ್ದು ಸರಿಯಾಗಲಿಲ್ಲ, ಅಧಿಕಾರಿಗೆ ತಾನೇ ಮೊದಲು ತಿಳಿಸಬೇಕಿತ್ತು ಎಂದ. ಆದರೆ ತರಬೇತಿ ಇಲ್ಲದೆ ಹೆಸರು ಹಾಕುವ ಹಾಗಿಲ್ಲವಂತೆ. ಮುಂದಿನ ತರಬೇತಿ ವಾಲ್ನಟ್ ಕ್ರೀಕಿನಲ್ಲಿ, ಶನಿವಾರ, ಇಡೀ ದಿನ. ಹೋಗುತ್ತೇನೆ ಎಂದೆ. ಆ ಶನಿವಾರ ಬೆಳಿಗ್ಗೆ ಮಗಳ ಈಜಿನ ಕ್ಲಾಸು, ಲಾಂಡ್ರಿ, ಅಡುಗೆ ಎಲ್ಲವನ್ನೂ ನಮ್ಮವರ ಕೈಗೆ ಒಪ್ಪಿಸಿ, ಸ್ಟೇಷನ್ನಿನಲ್ಲಿ ರೈಲು ಹತ್ತಿದೆ. ಅನ್ನಕ್ಕೆ ಎಷ್ಟು ನೀರು ಇಡಬೇಕು ಎಂದು ಅವರು ಕೇಳಿದರು. ಅಳತೆ ನಿಮಗೆ ಗೊತ್ತಿರಬೇಕಲ್ಲ ಎಂದು ಹೇಳಿ ಬಂದಿದ್ದೆ.

ತರಬೇತಿ ನಡೆದದ್ದು ಒಂದು ಚರ್ಚಿನ ಹಾಲಿನಲ್ಲಿ. ಬಂದ ಉಪನ್ಯಾಸಕ ಯುವಕ, ಚುರುಕಾಗಿದ್ದ. ಸ್ಲೈಡುಗಳ ಮೇಲೆ ಸ್ಲೈಡು ತೋರಿಸಿದ. ಎಲ್ಲವೂ ದೇಶದ ನಡುಭಾಗದ ಬಯಲು ಸೀಮೆಯವು. ಓಕ್ಲಹೋಮದ ಸುಂಟರಗಾಳಿ, ಕಾನ್ಸಾಸಿನ ಸುಂಟರಗಾಳಿ, ಹಾರಿಹೋದ ಕೊಟ್ಟಿಗೆ, ಮರದ ಮೇಲೆ ಕೂತ ಟ್ರ್ಯಾಕ್ಟರು. ಊಟದ ಬಿಡುವಿನ ತನಕ ನಮ್ಮ ಊರಿನಲ್ಲಿ ಯಾರೂ ಎಂದೂ ಕಾಣದ ಸಂಗತಿಗಳೇ. ಮಧ್ಯಾಹ್ನ ನಾನು ಕೈ ಎತ್ತಿ, ಹಳ್ಳದ ನೀರು ಏರುವಾಗ ಏನೇನು ನೋಡಬೇಕು ಎಂದು ಕೇಳಿದೆ. ಒಳ್ಳೆಯ ಪ್ರಶ್ನೆ, ಅದು ಕೊನೆಯಲ್ಲಿ ಬರುತ್ತದೆ ಎಂದ. ಕೊನೆಯಲ್ಲಿ ಹೊತ್ತು ಮೀರಿತ್ತು. ಹಳ್ಳದ ಭಾಗವನ್ನು ಮನೆಯಲ್ಲಿ ಓದಿಕೊಳ್ಳಿ ಎಂದು ಎರಡು ಹಾಳೆ ಹಂಚಿದ.

ನನ್ನ ಬೆನ್ನ ಹಿಂದಿನ ಕುರ್ಚಿಯಲ್ಲಿ ಯಾರೋ ಸಿಟ್ಟಿನಿಂದ ಕೆಮ್ಮಿದರು. ದನಿಯಿಂದ ಗುರುತು ಹಿಡಿದೆ, ನಮ್ಮ ಮುದುಕ. ಸಭೆಯ ದಿನ ದೂರದಿಂದ ನೋಡಿದ್ದೆ ಅಷ್ಟೆ. ನಾನು ಅಂದುಕೊಂಡಿದ್ದಕ್ಕಿಂತ ಕುಳ್ಳ, ತೆಳ್ಳಗಿನ ಮನುಷ್ಯ.

“ಪ್ರತಿ ವರ್ಷ ಹೇಳ್ತೀನಿ,” ಎಂದ ನನಗೆ ಮಾತ್ರ ಕೇಳುವ ಹಾಗೆ. “ನಮಗೆ ಬೇಕಾಗಿರೋದು ಹಳ್ಳ, ಮೋರಿ, ಕುಸಿಯೋ ಗುಡ್ಡ. ಪ್ರತಿ ವರ್ಷ ಓಕ್ಲಹೋಮ ತೋರಿಸ್ತಾರೆ.”

ನನ್ನ ಡಬ್ಬಿಯಲ್ಲಿ ಉಳಿದಿದ್ದ ಕೋಡುಬಳೆಯನ್ನು ಅವನ ಮುಂದೆ ಹಿಡಿದೆ. ಒಂದು ತೆಗೆದುಕೊಂಡು ಮುರಿದು, ಖಾರ ಎಂದು ಕಣ್ಣೊರೆಸಿಕೊಂಡು, ಇನ್ನೊಂದು ತೆಗೆದುಕೊಂಡ. ಈ ಎಲ್ಲದರಲ್ಲಿ ನನ್ನ ಹಾಗೆಯೇ ಬೇಸತ್ತ ಇನ್ನೊಬ್ಬರು ಇದ್ದಾರೆಂದು ಆ ಹೊತ್ತು ಮನಸ್ಸು ಹಗುರವಾಯಿತು.

ನನಗೆ ನನ್ನದೇ ಸ್ಪಾಟರ್ ನಂಬರು ಬಂತು, ವರದಿ ಕೊಡುವಾಗ ಹೇಳಬೇಕಾದದ್ದು. ಯಜಮಾನರೂ ಬಿಡಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಸ್ವಯಂಸೇವಕರು, ಒಂದೇ ಹಿತ್ತಲು. ನಾನು ಬೆಳಿಗ್ಗೆ ಕೊಟ್ಟ ಅಳತೆಯೂ ಅವರು ಸಂಜೆ ಕೊಟ್ಟ ಅಳತೆಯೂ ಒಂದಾಗುತ್ತಿರಲಿಲ್ಲ. ನೀರಿನ ಮೇಲ್ಮೈ ನಡುವೆ ಬಾಗಿದ ಕಡೆ ನೋಡಿ ಓದಬೇಕು ಎಂದು ನಾನು, ಕೊಳವೆಗೆ ತಾಗಿದ ಅಂಚು ನೋಡಿ ಓದಬೇಕು ಎಂದು ಅವರು. ನಿಮ್ಮಿಬ್ಬರಲ್ಲಿ ಮೊದಲು ರಾಜಿ ಮಾಡಿಕೊಂಡು ಆಮೇಲೆ ಫೋನು ಮಾಡಿ ಎಂದು ಮುದುಕ ಬೇಡಿಕೊಂಡ. ರಾಜಿಯಾಗಲಿಲ್ಲ.

ಆಮೇಲೆ ಮಳೆಯೇ ನಿಂತಿತು. ದಶಕದ ಕೊನೆಯ ಆ ವರ್ಷಗಳ ಬರಗಾಲ ಇಲ್ಲಿದ್ದವರಿಗೆಲ್ಲ ನೆನಪಿದೆ. ಹುಲ್ಲಿಗೆ ನೀರು ಹಾಕಬೇಡಿ, ಕಾರು ತೊಳೆಯಬೇಡಿ ಎಂದು ಹೇಳುತ್ತಿದ್ದರು. ಪಾತ್ರೆ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನಾನು ಗಿಡಗಳಿಗೆ ಹಾಕುತ್ತಿದ್ದೆ. ಅಷ್ಟೆಲ್ಲ ಜಗಳವಾಡಿ, ರೈಲು ಹತ್ತಿ ಹೋಗಿ ಪಡೆದ ನಂಬರು, ವರದಿ ಮಾಡಲು ಒಂದು ಹನಿಯಿಲ್ಲ. ಆದರೂ ಮುದುಕ ವಾರಕ್ಕೊಮ್ಮೆ ಫೋನು ಮಾಡುವುದನ್ನು ಬಿಡಲಿಲ್ಲ. ಏನೂ ಇಲ್ಲ ಎನ್ನುವುದೂ ವರದಿಯೇ ಎನ್ನುತ್ತಿದ್ದ.

ಒಂದು ಶನಿವಾರ ಬೆಳಿಗ್ಗೆ ಹಾಗೆಯೇ ಕೇಳಿದ. ಸೊನ್ನೆ ಎಂದೆ. ಬರೆದುಕೊಂಡ. ಫೋನಿಡುವ ಬದಲು, ಏನು ಅಡುಗೆ ಎಂದು ಕೇಳಿದ. ಈರುಳ್ಳಿ ಹುಳಿ ಎಂದು ಹೇಳಿ, ಹುಣಸೆಹಣ್ಣು ಎಂದರೆ ಏನೆಂದು ವಿವರಿಸತೊಡಗಿದ್ದೆ. ಅಷ್ಟರಲ್ಲಿ ಮಹಡಿಯ ಮೇಲಿನ ಫೋನು ಎತ್ತಿದ ಸದ್ದು ಕೇಳಿಸಿತು. ನಮ್ಮವರು ಗಂಟಲು ಸರಿಮಾಡಿಕೊಂಡು, ತಮ್ಮ ನಂಬರು ಹೇಳಿ, “ನನ್ನ ವರದಿಯೂ ಸೊನ್ನೆ,” ಎಂದರು.

“ಫೋನ್ ಇಡ್ರೀ, ನಾವು ಮಾತಾಡ್ತಾ ಇದೀವಿ,” ಎಂದೆ.

ಮುದುಕನಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಆಚೆಯ ತುದಿಯಲ್ಲಿ ಅವನು ನಗುತ್ತಿದ್ದದ್ದು ಕೇಳಿಸಿತು.